ಮರಿಯಾನ್ ವೋಸ್ ಅವರಿಗೆ ಎರಡು ಸಾಲು ಸಾಕಾಗಲ್ಲ

ಸಂಪಾದಕರಿಗೆ ನಮಸ್ಕಾರ.

2025ರ ಜುಲೈ 26ರಂದು ಮಹಿಳೆಯರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಶುರುವಾಯಿತು. ಮೊದಲ ಸ್ಟೇಜ್, ಅಂದರೆ ಮೊದಲ ದಿನದ ರೇಸ್, ವಾನ್ ಎಂಬ ಊರಿನಿಂದ ಪ್ಲುಮೆಲೆಕ್‌ವರೆಗೆ. ಅದರ ಸುದ್ದಿ ನಿಮ್ಮ ಕ್ರೀಡಾಪುಟದ ಕೆಳಮೂಲೆಯಲ್ಲಿ ಎರಡು ಸಾಲು ಬಂದಿತ್ತು. ನೆದರ್ಲೆಂಡ್ಸ್‌ನ ಮರಿಯಾನ್ ವೋಸ್ ಗೆದ್ದರು, ಅವರಿಗೆ 38 ವರ್ಷ. ಅಷ್ಟೇ.

ಸುದ್ದಿಯಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಓದಿದವರಿಗೆ ಏನು ತಿಳಿಯುತ್ತದೆ? ವಯಸ್ಸಾದ ಒಬ್ಬರು ಎಲ್ಲಿಂದಲೋ ಬಂದು ಒಂದು ದಿನ ಗೆದ್ದುಬಿಟ್ಟರು ಅನ್ನಿಸುತ್ತದೆ, ಅಲ್ವಾ? ಇದೇ ವೋಸ್ 2006ರಲ್ಲಿ, 19ನೇ ವಯಸ್ಸಿಗೆ ರಸ್ತೆ ಸೈಕ್ಲಿಂಗ್‌ನ ವಿಶ್ವ ಚಾಂಪಿಯನ್ ಆಗಿದ್ದರು. ಈ ಎರಡು ಗೆಲುವುಗಳ ನಡುವೆ ಒಂದು ಇಡೀ ಆಟವೇ ಬದಲಾಗಿದೆ, ಅದರಲ್ಲಿ ಅವರ ಕೈಯೂ ಇದೆ. ಅದನ್ನು ಯಾರಾದರೂ ಕನ್ನಡದಲ್ಲಿ ಬರೆಯುತ್ತಾರೇನೋ ಅಂತ ಕಾದೆ. ಬರಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ಮೊದಲು ಆ ದಿನದ ಕೊನೆಯ ಕಿಲೋಮೀಟರನ್ನೇ ನೋಡಿ. ಪ್ಲುಮೆಲೆಕ್‌ನಲ್ಲಿ ರೇಸ್ ಮುಗಿಯುವ ಗೆರೆ ಇರುವುದು ಕಾದುದಾಲ್ ಅನ್ನುವ ಏರಿನ ತುದಿಯಲ್ಲಿ. ಆ ಏರಿನಲ್ಲಿ ಫ್ರಾನ್ಸ್‌ನ ಪೋಲೀನ್ ಫೆರಾಂ-ಪ್ರೆವೋ ಗುಂಪು ಬಿಟ್ಟು ಮುಂದೆ ಹೋದರು. ಅವರು ವೋಸ್ ಅವರದೇ ತಂಡದವರು. ನಮ್ಮವರು ಮುಂದಿದ್ದಾಗ ನಾವು ಬೆನ್ನಟ್ಟುವಂತಿಲ್ಲ. ಅದು ಬೇರೆ ತಂಡದವರ ಕೆಲಸ. ವೋಸ್ ಕಾದರು. ಫೆರಾಂ-ಪ್ರೆವೋ ಅವರ ಕಾಲು ಭಾರವಾಗುತ್ತಿದೆ, ಹಿಂದಿನವರು ಹತ್ತಿರ ಬರುತ್ತಿದ್ದಾರೆ, ಇನ್ನು ಕಾದರೆ ತಂಡದ ಕೈ ತಪ್ಪುತ್ತದೆ ಅನ್ನುವ ಹೊತ್ತಿಗೆ ಸೀಟಿನಿಂದ ಎದ್ದರು. ಕೊನೆಯ ಕೆಲವೇ ಮೀಟರ್‌ಗಳಲ್ಲಿ ಮುಂದೆ ಬಂದರು. ಮಾರಿಷಸ್‌ನ ಕಿಮ್ ಲೆ ಕೋರ್ ಎರಡನೆಯವರು, ಫೆರಾಂ-ಪ್ರೆವೋ ಮೂರನೆಯವರು. ಒಂದು ಸೆಕೆಂಡ್ ಮೊದಲು ಎದ್ದಿದ್ದರೆ ತಮ್ಮವರಿಗೇ ದ್ರೋಹ. ಒಂದು ಸೆಕೆಂಡ್ ತಡವಾಗಿದ್ದರೆ ಗೆಲುವು ಲೆ ಕೋರ್ ಪಾಲು. ಆ ಒಂದು ಸೆಕೆಂಡನ್ನು ಗುರುತಿಸುವ ಕಣ್ಣು ಸುಮಾರು ಇಪ್ಪತ್ತು ವರ್ಷ ರೇಸ್ ಓಡಿಸಿದವರಿಗೆ ಮಾತ್ರ ಬರುತ್ತದೆ.

ನನ್ನ ಬಗ್ಗೆ ಒಂದು ಮಾತು. ಕಾಲೇಜಿನಲ್ಲಿದ್ದಾಗ ನಾನೂ ಸೈಕಲ್ ರೇಸ್‌ಗೆ ಇಳಿದವಳು. ಮುಂದಿನವರ ಹಿಂಚಕ್ರಕ್ಕೆ ಒಂದು ಗೇಣು ದೂರದಲ್ಲಿ ಸೈಕಲ್ ಹೊಡೆಯುವುದು ಎಂದರೇನು ಅಂತ ಗೊತ್ತು. ಕಣ್ಣಿಗೆ ಆ ಟೈರು, ಮುಂದಿರುವವರ ಮೀನಖಂಡ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಗಾಳಿಯೆಲ್ಲ ಅವರಿಗೆ ಬಡಿಯುತ್ತದೆ, ನಮಗೆ ಮರೆ ಸಿಗುತ್ತದೆ. ಆದರೆ ಅವರು ಒಂದು ಕ್ಷಣ ಅಲುಗಾಡಿದರೂ ನಾವು ನೆಲಕ್ಕೆ. ಹಾಗೆ ಗಂಟೆಗಟ್ಟಲೆ, ನೂರೈವತ್ತು ಜನರ ನಡುವೆ, ಮಳೆಯಲ್ಲಿ, ಕಲ್ಲು ಹಾಸಿದ ರಸ್ತೆಯಲ್ಲಿ, ವರ್ಷಗಟ್ಟಲೆ ಹೊಡೆದವರನ್ನು ನೋಡಿದರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ರೇಸ್ ಬಿಟ್ಟ ಮೇಲೂ ಹಳೆಯದೊಂದು ಲೆಕ್ಕದ ಪುಸ್ತಕದಲ್ಲಿ ಮಹಿಳೆಯರ ರೇಸ್‌ಗಳ ಫಲಿತಾಂಶ ಬರೆದಿಡುತ್ತಾ ಬಂದಿದ್ದೇನೆ. ಪತ್ರಿಕೆಯಲ್ಲಿ ಬಾರದಿದ್ದರೆ ಇನ್ನೆಲ್ಲಿ ಇರಬೇಕು?

ಆ ಪುಸ್ತಕದಲ್ಲಿ ವೋಸ್ ಹೆಸರು ಮೊದಲು ಬರುವುದು 2006ರಲ್ಲಿ. ಆ ವರ್ಷ ಜನವರಿಯಲ್ಲಿ ನೆದರ್ಲೆಂಡ್ಸ್‌ನ ಜೆಡ್ಡಾಮ್‌ನಲ್ಲಿ ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್ ಆದರು. ಆಗ 18 ವರ್ಷ. ಸೈಕ್ಲೋಕ್ರಾಸ್ ಎಂದರೆ ಚಳಿಗಾಲದ ಆಟ. ಕೆಸರು, ಮರಳು, ಮೆಟ್ಟಿಲು. ಸೈಕಲ್ ಓಡದ ಕಡೆ ಹೆಗಲಿಗೇರಿಸಿಕೊಂಡು ಓಡಬೇಕು. ಸೆಪ್ಟೆಂಬರ್‌ನಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ರಸ್ತೆಯ ವಿಶ್ವ ಪಟ್ಟವೂ ಬಂತು. ಒಂದೇ ವರ್ಷದಲ್ಲಿ, ವಿಶ್ವ ಚಾಂಪಿಯನ್‌ಗೆ ಕೊಡುವ ಕಾಮನಬಿಲ್ಲು ಜೆರ್ಸಿ ಎರಡು. 2008ರಲ್ಲಿ ಟ್ರ್ಯಾಕ್‌ನ ಪಾಯಿಂಟ್ಸ್ ರೇಸ್‌ನಲ್ಲಿ ವಿಶ್ವ ಪಟ್ಟ, ಅದೇ ವರ್ಷ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಚಿನ್ನ. ರಸ್ತೆ, ಕೆಸರು, ಟ್ರ್ಯಾಕ್ ಮೂರರಲ್ಲೂ 21 ವರ್ಷಕ್ಕೇ ವಿಶ್ವ ಚಾಂಪಿಯನ್.

ಇಷ್ಟು ಬೇಗ ಇಷ್ಟು ಗೆದ್ದವರು ಬೇಗ ಮುಗಿದುಹೋಗುವುದೇ ಜಾಸ್ತಿ. ಆಮೇಲೆ ನಡೆದದ್ದು ನೋಡಿ.

2007, ಸ್ಟುಟ್‌ಗಾರ್ಟ್. ಇಟಲಿಯ ಮಾರ್ತಾ ಬಾಸ್ತಿಯಾನೆಲ್ಲಿ ಒಬ್ಬರೇ ತಪ್ಪಿಸಿಕೊಂಡು ಗೆದ್ದರು. ವೋಸ್ ಎರಡನೆಯವರು. 2008, ವರೇಸೆ. ಬ್ರಿಟನ್ನಿನ ನಿಕೋಲ್ ಕುಕ್ ಸ್ಪ್ರಿಂಟ್‌ನಲ್ಲಿ, ಅಂದರೆ ಗೆರೆಯ ಹತ್ತಿರದ ಕೊನೆಯ ಜೋರು ಓಟದಲ್ಲಿ, ಗೆದ್ದರು. ವೋಸ್ ಎರಡನೆಯವರು. 2009, ಮೆಂದ್ರಿಸಿಯೋ. ತತಿಯಾನಾ ಗುದೇರ್ತ್ಸೋ. ಮತ್ತೆ ಎರಡನೆಯದು. 2010ರಲ್ಲಿ ಆಸ್ಟ್ರೇಲಿಯಾದ ಜೀಲಾಂಗ್, 2011ರಲ್ಲಿ ಕೋಪನ್‌ಹೇಗನ್, ಎರಡು ಸಲವೂ ಜೋರ್ಜಿಯಾ ಬ್ರೊಂಜಿನಿ. ವೋಸ್ ಎರಡು ಸಲವೂ ಎರಡನೆಯವರು. ಸತತ 5 ವರ್ಷ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ.

ನನ್ನ ಪುಸ್ತಕದಲ್ಲಿ ಈ ಐದು ಸಾಲು ಐದು ಬೇರೆ ಪುಟಗಳಲ್ಲಿವೆ. ಒಂದು ಸಂಜೆ ಒಟ್ಟಿಗೆ ಬರೆದು ನೋಡಿದೆ. ಹೊಟ್ಟೆ ಉರಿಯಿತು. ಸೋಲು ಅಂದರೆ ಹಿಂದೆ ಬೀಳುವುದು ಅಂತ ನಾವು ತಿಳಿದಿರುತ್ತೇವೆ. ಇಲ್ಲಿ ಅವರು ಒಂದು ವರ್ಷವೂ ಹಿಂದೆ ಬೀಳಲಿಲ್ಲ. ಪ್ರತಿ ವರ್ಷ ಇಡೀ ಗುಂಪಿಗೆ ಇವರೊಬ್ಬರ ಮೇಲೇ ಕಣ್ಣು. ಇವರು ಮುಂದೆ ಹೋದರೆ ಎಲ್ಲರೂ ಬೆನ್ನಟ್ಟುತ್ತಾರೆ. ಇವರು ಸುಮ್ಮನಿದ್ದರೆ ಬೇರೆ ಯಾರೋ ತಪ್ಪಿಸಿಕೊಳ್ಳುತ್ತಾರೆ, ಆಗ ಬೆನ್ನಟ್ಟುವ ಭಾರವೂ ಇವರ ಮೇಲೆ. ರಸ್ತೆ ಸೈಕ್ಲಿಂಗ್‌ನಲ್ಲಿ ಎಲ್ಲರಿಗಿಂತ ಬಲಶಾಲಿಯಾಗಿರುವುದೇ ಕೆಲವೊಮ್ಮೆ ತೊಡಕು. ಇದನ್ನು ತಿಳಿಯದೆ ಆ ಐದು ಬೆಳ್ಳಿಯನ್ನು ‘ಕೈ ತಪ್ಪಿದ ಚಿನ್ನ’ ಅಂತ ಒಂದೇ ಮಾತಿನಲ್ಲಿ ಮುಗಿಸುವವರನ್ನು ಕಂಡರೆ ನನಗೆ ಬೇಸರ.

ಇನ್ನೊಂದು ವಿಷಯ. ಆ ಐದು ವರ್ಷ ಅವರು ಬರೀ ಎರಡನೆಯವರಾಗಿ ಕೂತಿರಲಿಲ್ಲ. ಬೆಲ್ಜಿಯಮ್ಮಿನ ಫ್ಲೆಷ್ ವಾಲನ್ ರೇಸನ್ನು 2007, 2008, 2009, 2011ರಲ್ಲಿ ಗೆದ್ದರು. ಅದು ಮುಗಿಯುವುದು ವಿ ಎಂಬ ಊರಿನ ಗೋಡೆಯಂಥ ಏರಿನ ಮೇಲೆ. ಮಧ್ಯದಲ್ಲಿ ರಸ್ತೆ ಎಷ್ಟು ಕಡಿದಾಗಿದೆ ಅಂದರೆ ನಡೆದು ಹತ್ತುವವರಿಗೂ ಏದುಸಿರು. 2013ರಲ್ಲಿ ಅದನ್ನು ಐದನೇ ಸಲ ಗೆದ್ದರು. ವಿಶ್ವಕಪ್ ಸರಣಿಯಲ್ಲೂ ಐದು ಸಲ ಮೊದಲ ಸ್ಥಾನ.

ಆಮೇಲೆ 2012. ಲಂಡನ್ ಒಲಿಂಪಿಕ್ಸ್‌ನ ರಸ್ತೆ ರೇಸ್. ಜುಲೈ 29, ಜೋರು ಮಳೆ. ಬ್ರಿಟನ್ನಿನ ಲಿಜ್ಜಿ ಆರ್ಮಿಟ್‌ಸ್ಟೆಡ್, ರಷ್ಯಾದ ಓಲ್ಗಾ ಜಬೆಲಿನ್‌ಸ್ಕಾಯಾ, ಇವರೊಂದಿಗೆ ವೋಸ್ ಗುಂಪು ಬಿಟ್ಟು ಮುಂದೆ ಬಂದರು. ಅಮೆರಿಕದ ಶೆಲ್ಲಿ ಓಲ್ಡ್ಸ್ ಕೂಡ ಜೊತೆಗಿದ್ದರು, ಪಾಪ, ಟೈರ್ ಪಂಕ್ಚರ್ ಆಗಿ ಹಿಂದೆ ಉಳಿದರು. ಮೂವರೂ ಸರದಿ ಪ್ರಕಾರ ಮುಂದೆ ಬಂದು ಗಾಳಿ ಎದುರಿಸಿದರು. ಒಬ್ಬರು ಕಳ್ಳಾಟ ಆಡಿದ್ದರೂ ಹಿಂದಿನವರು ಹಿಡಿದುಬಿಡುತ್ತಿದ್ದರು. ಕೊನೆಗೆ ದಿ ಮಾಲ್ ರಸ್ತೆ. ನೀರು ಚಿಮ್ಮುತ್ತಿದೆ. ಸ್ವಂತ ಊರಿನ ಜನ ಆರ್ಮಿಟ್‌ಸ್ಟೆಡ್ ಹೆಸರು ಕೂಗುತ್ತಿದ್ದಾರೆ. ವೋಸ್ ಮೊದಲು ಸ್ಪ್ರಿಂಟ್ ಶುರು ಮಾಡಿದರು, ಗೆರೆಯವರೆಗೂ ಬಿಟ್ಟುಕೊಡಲಿಲ್ಲ. ಬಾಯಿ ತೆರೆದು ಕಿರುಚಿಕೊಂಡು ಗೆರೆ ದಾಟಿದರು.

ಎರಡು ತಿಂಗಳೊಳಗೆ ವಿಶ್ವ ಚಾಂಪಿಯನ್‌ಶಿಪ್. ಈ ಸಲ ಅವರದೇ ದೇಶದ ವಾಲ್ಕೆನ್‌ಬರ್ಗ್‌ನಲ್ಲಿ. ಕೌಬರ್ಗ್ ಏರನ್ನು ಕೊನೆಯ ಸಲ ಹತ್ತುವಾಗ ಜೊತೆಗಿದ್ದವರನ್ನೆಲ್ಲ ಬಿಟ್ಟು ಒಬ್ಬರೇ ಹೋದರು. ಸ್ಪ್ರಿಂಟ್‌ಗೆ ಬಿಟ್ಟರೆ ಏನಾಗುತ್ತದೆ ಅಂತ ಐದು ವರ್ಷ ಕಲಿತಿದ್ದರಲ್ಲ, ಈ ಸಲ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಮುಂದಿನ ವರ್ಷ ಫ್ಲಾರೆನ್ಸ್‌ನಲ್ಲೂ ಹೀಗೇ ಏರಿನಲ್ಲೇ ಬಿಟ್ಟುಹೋಗಿ ಮೂರನೇ ಪಟ್ಟ ಗೆದ್ದರು.

ಇಲ್ಲಿಗೆ ಕತೆ ನಿಂತಿದ್ದರೂ ದೊಡ್ಡದೇ. ಆದರೆ ನಾನು ಪತ್ರ ಬರೆಯಲು ಕೂತದ್ದು ಇದರ ನಂತರದ ವರ್ಷಗಳಿಗಾಗಿ.

2013ರಲ್ಲಿ, ಎಲ್ಲವನ್ನೂ ಗೆದ್ದು ಕೂತಿದ್ದ ಹೊತ್ತಿನಲ್ಲಿ, ವೋಸ್ ಒಂದು ಅರ್ಜಿಗೆ ಹೆಸರು ಕೊಟ್ಟರು. ಬ್ರಿಟನ್ನಿನ ಸೈಕ್ಲಿಸ್ಟ್ ಎಮ್ಮಾ ಪೂಲಿ, ಅಮೆರಿಕದ ಕ್ಯಾಥ್ರಿನ್ ಬರ್ಟೀನ್, ಟ್ರಯಾಥ್ಲಾನ್‌ನ ಕ್ರಿಸ್ಸಿ ವೆಲಿಂಗ್ಟನ್ ಜೊತೆಗಿದ್ದರು. ಗುಂಪಿನ ಹೆಸರು ‘ಲೆ ಟೂರ್ ಅಂತಿಯೇ’. ಕೇಳಿದ್ದು ಇಷ್ಟೇ: ಮಹಿಳೆಯರಿಗೂ ಟೂರ್ ಡಿ ಫ್ರಾನ್ಸ್ ಇರಲಿ. ಆ ವರ್ಷದ್ದು ಗಂಡಸರ ಟೂರ್‌ನ 100ನೇ ಆವೃತ್ತಿ. ಅರ್ಜಿಗೆ ಲಕ್ಷದ ಹತ್ತಿರ ಸಹಿ ಬಿತ್ತು.

ಮಹಿಳೆಯರಿಗೆ ಅಷ್ಟು ದೂರ ಓಡಿಸುವ ಶಕ್ತಿ ಇಲ್ಲ ಅನ್ನುವವರು ಆಗಲೂ ಇದ್ದರು. ಆದರೆ 1984ರಲ್ಲೇ ಮಹಿಳೆಯರ ಟೂರ್ ನಡೆದಿತ್ತು, 18 ಸ್ಟೇಜ್. ಅಮೆರಿಕದ ಮರಿಯಾನ್ ಮಾರ್ಟಿನ್ ಗೆದ್ದಿದ್ದರು. 1989ರ ಹೊತ್ತಿಗೆ ಆ ರೂಪದಲ್ಲಿ ಅದು ನಿಂತುಹೋಯಿತು. ಆಮೇಲೆ ಬೇರೆ ಬೇರೆ ಹೆಸರಿನಲ್ಲಿ ಕೆಲವು ರೇಸ್ ನಡೆದವು, ಅವೂ ಉಳಿಯಲಿಲ್ಲ. ಓಡಿಸುವವರು ಇರಲಿಲ್ಲ ಅಂತಲ್ಲ, ನಡೆಸುವವರು ಇರಲಿಲ್ಲ.

ಅರ್ಜಿಯ ಫಲವಾಗಿ 2014ರಲ್ಲಿ ಒಂದು ದಿನದ ರೇಸ್ ಸಿಕ್ಕಿತು, ‘ಲಾ ಕೋರ್ಸ್’. ಪ್ಯಾರಿಸ್‌ನ ಶಾಂಜೆಲಿಜೆ ರಸ್ತೆಯಲ್ಲಿ, ಗಂಡಸರ ಕೊನೆಯ ಸ್ಟೇಜ್ ಬರುವುದಕ್ಕೆ ಮೊದಲು, 90 ಕಿಲೋಮೀಟರಿನ ಆಸುಪಾಸು. ಗೆದ್ದವರು ಯಾರು ಅಂತ ಹೇಳಬೇಕೇ? ವೋಸ್.

ಈ ಭಾಗ ಓದುವಾಗ ನನಗೆ ನನ್ನ ಕಾಲೇಜಿನ ದಿನ ನೆನಪಾಗುತ್ತದೆ. ಹುಡುಗರ ರೇಸ್ ಶುರುವಾಗುವ ಮೊದಲು ರಸ್ತೆ ಖಾಲಿಯಾಗಬೇಕು ಅಂತ ನಮ್ಮ ರೇಸ್‌ನ ಸುತ್ತುಗಳನ್ನು ಕೊನೇ ಗಳಿಗೆಯಲ್ಲಿ ಕಡಿಮೆ ಮಾಡಿದರು. ನಾವು ಓಡಿಸುತ್ತಿದ್ದಾಗಲೇ ಬಾವುಟ ತೋರಿಸಿ ಇದೇ ಕೊನೆ ಸುತ್ತು ಅಂದರು. ಹಿಂದಿನಿಂದ ನಿಧಾನವಾಗಿ ಮುಂದೆ ಬರೋಣ ಅಂತ ಶಕ್ತಿ ಉಳಿಸಿಕೊಂಡಿದ್ದ ಹುಡುಗಿಯರಿಗೆಲ್ಲ ಮೋಸವಾಯಿತು. ಯಾರೂ ಜಗಳ ಮಾಡಲಿಲ್ಲ. ರೇಸ್ ನಡೆಸಿದ್ದೇ ದೊಡ್ಡದು ಅಂತ ಎಲ್ಲರೂ ಸುಮ್ಮನಾದೆವು. ವೋಸ್ ಸುಮ್ಮನಾಗಲಿಲ್ಲ. ಅವರಿಗೆ ಸುಮ್ಮನಿರಲು ನಮಗಿಂತ ಎಷ್ಟೋ ಜಾಸ್ತಿ ಕಾರಣ ಇತ್ತು. ಗೆಲುವು ಇತ್ತು, ತಂಡ ಇತ್ತು, ಹೆಸರು ಇತ್ತು. ರೇಸ್ ನಡೆಸುವವರನ್ನು ಎದುರು ಹಾಕಿಕೊಳ್ಳುವ ಅಗತ್ಯ ಅವರಿಗೇನಿತ್ತು?

ಪೂರ್ತಿ ಟೂರ್ ಬರಲು ಇನ್ನೂ 8 ವರ್ಷ ಹಿಡಿಯಿತು. 2022ರ ಜುಲೈ 24ರಂದು ಐಫೆಲ್ ಗೋಪುರದ ಬಳಿಯಿಂದ ‘ಟೂರ್ ಡಿ ಫ್ರಾನ್ಸ್ ಫಾಮ್’ ಹೊರಟಿತು. 8 ಸ್ಟೇಜ್. ಎರಡನೇ ದಿನ ಪ್ರೊವಾಂನಲ್ಲಿ ವೋಸ್ ಗೆದ್ದು, ಒಟ್ಟು ಸಮಯದಲ್ಲಿ ಮುಂದಿರುವವರಿಗೆ ಕೊಡುವ ಹಳದಿ ಜೆರ್ಸಿ ತೊಟ್ಟರು. 25ನೇ ವಯಸ್ಸಿನಲ್ಲಿ, ಯಾರೂ ಹಿಡಿಯಲಾರದ ಹಾಗೆ ಓಡಿಸುತ್ತಿದ್ದಾಗ ಇರಬೇಕಿದ್ದ ರೇಸ್ ಅವರಿಗೆ ಸಿಕ್ಕಿದ್ದು 35ಕ್ಕೆ. ಆದರೂ ಎರಡು ಸ್ಟೇಜ್ ಗೆದ್ದರು, ಐದು ದಿನ ಹಳದಿ ಜೆರ್ಸಿಯಲ್ಲಿ ಓಡಿಸಿದರು, ಪಾಯಿಂಟ್‌ಗಳಿಗೆ ಕೊಡುವ ಹಸಿರು ಜೆರ್ಸಿ ಗೆದ್ದರು. ದೊಡ್ಡ ಬೆಟ್ಟಗಳು ಬಂದಾಗ ಅನ್ನೆಮಿಕ್ ವಾನ್ ಫ್ಲ್ಯೂಟೆನ್ ಮುಂದೆ ಹೋದರು, ಟೂರ್ ಅವರದಾಯಿತು. ವೋಸ್ ಕಳೆದುಕೊಂಡ ಆ ಹತ್ತು ವರ್ಷವನ್ನು ಯಾವ ಪಟ್ಟಿಯೂ ಲೆಕ್ಕ ಹಾಕುವುದಿಲ್ಲ.

ದುಡ್ಡಿನ ಮಾತೂ ಹೇಳಬೇಕು. ಆ ಮೊದಲ ಟೂರ್ ಗೆದ್ದವರಿಗೆ 50,000 ಯೂರೋ. ಗಂಡಸರ ಟೂರ್ ಗೆದ್ದವರಿಗೆ 5,00,000. ಮಹಿಳೆಯರ ದೊಡ್ಡ ತಂಡಗಳಲ್ಲಿ ಕನಿಷ್ಠ ಸಂಬಳ ಅನ್ನುವುದು ಬಂದದ್ದೇ 2020ರಲ್ಲಿ, ವರ್ಷಕ್ಕೆ 15,000 ಯೂರೋ. ಅಂದರೆ ವೋಸ್ ತಮ್ಮ ಮೊದಲ ಹದಿಮೂರು ಹದಿನಾಲ್ಕು ವರ್ಷ ಓಡಿಸಿದ್ದು ಸಂಬಳವೇ ಇಲ್ಲದ ಅನೇಕರ ನಡುವೆ. ಬೇರೆ ಕೆಲಸ ಮಾಡಿಕೊಂಡು, ರಜೆ ಹಾಕಿ ರೇಸ್‌ಗೆ ಬರುತ್ತಿದ್ದವರು ಎಷ್ಟೋ ಜನ. ಅವರಲ್ಲಿ ಹೆಚ್ಚಿನವರು 38ರವರೆಗೆ ಓಡಿಸಲಿಲ್ಲ ಅಂದರೆ ಕಾಲಲ್ಲಿ ಬಲವಿಲ್ಲ ಅಂತ ಅಲ್ಲ. ಮನೆ ನಡೆಯಬೇಕಲ್ಲ.

ದೇಹವೂ ಸುಮ್ಮನಿರಲಿಲ್ಲ. 2015ರ ಬಹುಪಾಲು ಅವರು ರೇಸ್ ಮಾಡಲೇ ಇಲ್ಲ. ಬೇಸಿಗೆಯಲ್ಲಿ ರಸ್ತೆ, ಚಳಿಗಾಲದಲ್ಲಿ ಕೆಸರು, ನಡುವೆ ಮೌಂಟನ್ ಬೈಕ್. ವಿಶ್ರಾಂತಿಯೇ ಇರಲಿಲ್ಲ. ಮೊದಲು ತೊಡೆಯ ಹಿಂಭಾಗದ ಸ್ನಾಯುವಿಗೆ ಪೆಟ್ಟು, ಆಮೇಲೆ ಅತಿಯಾದ ತರಬೇತಿಯಿಂದ ದೇಹವೇ ಕೈಕೊಟ್ಟಿತು.

ಆಮೇಲೆ ರಕ್ತನಾಳದ ತೊಂದರೆ. ಇದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ರಸ್ತೆ ಸೈಕ್ಲಿಂಗ್‌ನಲ್ಲಿ ತುಂಬ ವರ್ಷ ಇದ್ದವರಿಗೆ ಬರುವ ಕಾಯಿಲೆ ಇದು. ಸೈಕಲ್ ಮೇಲೆ ಬಾಗಿ ಕೂತು ತುಳಿಯುವಾಗ ಸೊಂಟದ ಬಳಿ ಕಾಲು ಮಡಚಿ ಮಡಚಿ ಬಿಚ್ಚಿಕೊಳ್ಳುತ್ತದೆ, ಒಂದು ರೇಸ್‌ನಲ್ಲೇ ಸಾವಿರಾರು ಸಲ. ಕಾಲಿಗೆ ರಕ್ತ ಒಯ್ಯುವ ದೊಡ್ಡ ನಾಳ ಅಲ್ಲೇ ಹಾದುಹೋಗುತ್ತದೆ. ವರ್ಷಗಟ್ಟಲೆ ಹೀಗೆ ಮಡಚಿದರೆ ನಾಳದ ಗೋಡೆ ದಪ್ಪವಾಗಿ ಒಳದಾರಿ ಕಿರಿದಾಗುತ್ತದೆ. ನಡೆಯುವಾಗ ಏನೂ ಗೊತ್ತಾಗುವುದಿಲ್ಲ. ಪೂರ್ತಿ ಜೋರು ಹಾಕಿದಾಗ ಮಾತ್ರ ಆ ಕಾಲು ಮಂಕಾಗುತ್ತದೆ. ಬಲ ಬರುವುದಿಲ್ಲ, ಜೋಮು ಹಿಡಿದ ಹಾಗೆ. ಫಾರ್ಮ್ ಹೋಗಿದೆ, ವಯಸ್ಸಾಯಿತು ಅಂತ ನೋಡುವವರು ಹೇಳಿಬಿಡುತ್ತಾರೆ. ವೋಸ್ ಅವರಿಗೂ ಇದೇ ಆಗಿ ಶಸ್ತ್ರಚಿಕಿತ್ಸೆ ಬೇಕಾಯಿತು. 35 ದಾಟಿದ ಮೇಲೆ ಕಾಲಿನ ರಕ್ತನಾಳಕ್ಕೆ ಕತ್ತಿ ಹಾಕಿಸಿಕೊಂಡು ಮತ್ತೆ ರೇಸ್‌ಗೆ ಬರುವವರು ಎಷ್ಟು ಜನ?

ಅವರು ಬಂದರು. 2024ರ ಏಪ್ರಿಲ್‌ನ ಆಮ್‌ಸ್ಟೆಲ್ ಗೋಲ್ಡ್ ರೇಸ್ ಅನ್ನು ನೀವು ನೋಡಿಲ್ಲದಿದ್ದರೆ ಒಮ್ಮೆ ನೋಡಿ. ಲೊರೆನಾ ವೀಬಸ್ ಈಗಿನ ಕಾಲದ ಅತಿ ವೇಗದ ಸ್ಪ್ರಿಂಟರ್‌ಗಳಲ್ಲಿ ಒಬ್ಬರು, ವೋಸ್‌ಗಿಂತ 12 ವರ್ಷ ಚಿಕ್ಕವರು. ಅವರೇ ಮುಂದಿದ್ದರು. ಗೆರೆ ಇನ್ನೇನು ಬಂತು ಅನ್ನುವಾಗ ಗೆದ್ದ ಖುಷಿಯಲ್ಲಿ ಕೈ ಎತ್ತಿದರು. ಹಿಂದಿದ್ದ ವೋಸ್ ತಲೆ ಎತ್ತಲಿಲ್ಲ. ಕೊನೆಯ ತುಳಿತದ ಜೊತೆ ಎರಡೂ ಕೈ ಚಾಚಿ, ಸೊಂಟವನ್ನು ಸೀಟಿನ ಹಿಂದಕ್ಕೆ ತಳ್ಳಿ, ಸೈಕಲ್ಲನ್ನು ಮುಂದಕ್ಕೆ ಎಸೆದರು. ಎಸೆಯುವುದು ಅಂದರೆ ಕೈಬಿಡುವುದಲ್ಲ. ದೇಹ ಹಿಂದೆ ಸರಿದಷ್ಟು ಸೈಕಲ್ ಮುಂದೆ ಹೋಗುತ್ತದೆ. ಗೆರೆ ಮುಟ್ಟಬೇಕಾದದ್ದು ಮುಂಚಕ್ರ, ತಲೆಯಲ್ಲ. ಇದನ್ನು ಸರಿಯಾದ ಕ್ಷಣಕ್ಕೆ ಮಾಡಿದರೆ ಅರ್ಧ ಚಕ್ರದಷ್ಟು ಲಾಭ. ಬೇಗ ಮಾಡಿದರೆ ವೇಗ ಸಾಯುತ್ತದೆ. ಫೋಟೊ ನೋಡಿದಾಗ ವೋಸ್ ಅವರ ಚಕ್ರ ಮುಂದಿತ್ತು.

ವೀಬಸ್ ಅವರ ತಪ್ಪಿನಿಂದ ವೋಸ್‌ಗೆ ಗೆಲುವು ಸಿಕ್ಕಿತು ಅಂತ ಎಷ್ಟೋ ಕಡೆ ಬರೆದರು. ನಾನು ಒಪ್ಪುವುದಿಲ್ಲ. ಮುಂದಿನವರು ಕೈ ಎತ್ತಿದಾಗ ಸೋತೆ ಅಂತ ತುಳಿಯುವುದು ಬಿಡುವವರೇ ಜಾಸ್ತಿ. ಬಿಡದವರಿಗೆ ಮಾತ್ರ ಆ ಚಕ್ರದ ಅಂತರ ಸಿಗುವುದು. ಗೆರೆ ದಾಟುವ ತನಕ ತುಳಿಯಬೇಕು ಅನ್ನುವುದನ್ನು ಐದು ಬೆಳ್ಳಿ ಗೆದ್ದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕ್ರಿಸ್ಟನ್ ಫಾಕ್ನರ್ ಒಬ್ಬರೇ ಮುಂದೆ ಹೋಗಿ ಚಿನ್ನ ಗೆದ್ದರು. ಹಿಂದಿನ ಸ್ಪ್ರಿಂಟ್ ವೋಸ್ ಅವರದು, ಬೆಳ್ಳಿ. ಬೆಲ್ಜಿಯಮ್ಮಿನ ಲೊಟ್ಟೆ ಕೊಪೆಕಿ ಕಂಚು. ಲಂಡನ್ ಚಿನ್ನದಿಂದ 12 ವರ್ಷದ ಮೇಲೆ ಮತ್ತೆ ಅದೇ ರೇಸ್‌ನ ಪದಕ. ಅಕ್ಟೋಬರ್‌ನಲ್ಲಿ ಲೂವೆನ್‌ನಲ್ಲಿ ಜಲ್ಲಿಕಲ್ಲು ರಸ್ತೆಯ ಗ್ರಾವೆಲ್ ವಿಶ್ವ ಚಾಂಪಿಯನ್‌ಶಿಪ್. ಎದುರಿಗೆ ಅದೇ ಕೊಪೆಕಿ, ಅದೂ ಅವರದೇ ನೆಲವಾದ ಬೆಲ್ಜಿಯಮ್ಮಿನಲ್ಲಿ, ಹಿಂದಿನ ವಾರವಷ್ಟೇ ಜ್ಯೂರಿಕ್‌ನಲ್ಲಿ ರಸ್ತೆಯ ವಿಶ್ವ ಪಟ್ಟ ಗೆದ್ದು ಬಂದವರು. ಸ್ಪ್ರಿಂಟ್‌ನಲ್ಲಿ ವೋಸ್ ಗೆದ್ದರು. 2022ರಲ್ಲಿ ಅಮೆರಿಕದ ಫಯೆಟ್‌ವಿಲ್‌ನಲ್ಲಿ 8ನೇ ಸೈಕ್ಲೋಕ್ರಾಸ್ ವಿಶ್ವ ಪಟ್ಟವನ್ನೂ ಗೆದ್ದಿದ್ದರು. ಮೊದಲನೆಯದಕ್ಕೂ ಎಂಟನೆಯದಕ್ಕೂ 16 ವರ್ಷದ ಅಂತರ.

ಗೆಲುವುಗಳ ಪಟ್ಟಿ ಕೊಡುತ್ತಾ ಹೋದರೆ ನಾನೂ ಪತ್ರಿಕೆಯವರ ಹಾಗೇ ಆಗುತ್ತೇನೆ. ಗೆಲ್ಲದ ದಿನಗಳೂ ಈ ವೃತ್ತಿಯ ಭಾಗ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ವೋಸ್ ಹಿಂದಿನ ಚಾಂಪಿಯನ್. ಆದರೆ ಆ ಬೆಟ್ಟದ ದಾರಿ ತಮಗಿಂತ ತಮ್ಮ ದೇಶದ ತಂಡದ ಬೇರೆಯವರಿಗೆ ಹೊಂದುತ್ತದೆ ಅಂತ ಗೊತ್ತಿತ್ತು. ಅವರಿಗಾಗಿ ದುಡಿದರು. ವಾನ್ ಫ್ಲ್ಯೂಟೆನ್ ಇಳಿಜಾರಿನಲ್ಲಿ ಕೆಟ್ಟದಾಗಿ ಬಿದ್ದರು, ಕೊನೆಗೆ ಆನಾ ವಾನ್ ಡೆರ್ ಬ್ರೆಖನ್ ಚಿನ್ನ ಗೆದ್ದರು. 2025ರ ಟೂರ್‌ನಲ್ಲೂ ಅಷ್ಟೇ. ಮೊದಲ ದಿನ ಗೆದ್ದ ಮೇಲೆ, ಒಟ್ಟು ಟೂರ್ ಗೆಲ್ಲಬೇಕಾದವರು ಫೆರಾಂ-ಪ್ರೆವೋ ಅಂತ ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಆಗಸ್ಟ್ 3ರಂದು ಶಾಟೆಲ್‌ನಲ್ಲಿ ಅವರು ಗೆದ್ದರು. ಆ ಗೆಲುವಿನಲ್ಲಿ ವೋಸ್ ಪಾಲು ಇದೆ. ಗಾಳಿ ಬೀಸುವ ಬಯಲಿನಲ್ಲಿ ನಾಯಕಿಯನ್ನು ಗುಂಪಿನ ಮುಂಭಾಗದಲ್ಲೇ ಇಡಬೇಕು, ಬೀಳದ ಹಾಗೆ ನೋಡಿಕೊಳ್ಳಬೇಕು, ಎಲ್ಲಿ ಇಕ್ಕಟ್ಟಾಗುತ್ತದೆ ಅಂತ ಮೊದಲೇ ಹೇಳಬೇಕು. ಈ ಕೆಲಸಕ್ಕೆ ಫಲಿತಾಂಶದ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲ.

ವೋಸ್ ಅವರನ್ನು ‘ಮಹಿಳೆಯರ ಎಡ್ಡಿ ಮರ್ಕ್ಸ್’ ಅನ್ನುವ ರೂಢಿ ಬಹಳ ಕಡೆ ಇದೆ. ಹೊಗಳಿಕೆಗೆ ಹೇಳುತ್ತಾರೆ, ಗೊತ್ತು. ಬೆಲ್ಜಿಯಮ್ಮಿನ ಮರ್ಕ್ಸ್ ಗಂಡಸರ ಸೈಕ್ಲಿಂಗ್‌ನ ಅತಿ ದೊಡ್ಡ ಹೆಸರುಗಳಲ್ಲಿ ಒಂದು, ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಅವರು ವೃತ್ತಿಪರರಾಗಿ ಓಡಿಸಿದ್ದು 1965ರಿಂದ 1978ರವರೆಗೆ, ಹದಿಮೂರು ವರ್ಷ. ಅವರು ಬಂದಾಗ ಟೂರ್ ಇತ್ತು, ಇಟಲಿಯ ದೊಡ್ಡ ರೇಸ್ ‘ಜೀರೋ ಡಿ ಇಟಾಲಿಯಾ’ ಇತ್ತು, ಸಂಬಳ ಇತ್ತು, ರಸ್ತೆಯ ಎರಡೂ ಬದಿ ಜನ ಇದ್ದರು. ಗೆಲ್ಲುವುದಷ್ಟೇ ಬಾಕಿ. ವೋಸ್ ಅವರಿಗೆ ಎಷ್ಟೋ ರೇಸ್‌ಗಳನ್ನು ಮೊದಲು ಕೇಳಿ ಪಡೆಯಬೇಕಾಯಿತು. ಹೆಂಗಸರಿಗೆ ಪ್ಯಾರಿಸ್-ರೂಬೇ ರೇಸ್ ಶುರುವಾದದ್ದೇ 2021ರಲ್ಲಿ, ಗಂಡಸರದು 1896ರಿಂದ ಇದೆ. ಆ ಮೊದಲ ರೂಬೇ ದಿನ ಮಳೆ, ಕೆಸರು. ಲಂಡನ್‌ನಲ್ಲಿ ವೋಸ್ ಜೊತೆಗಿದ್ದ ಅದೇ ಲಿಜ್ಜಿ ಆರ್ಮಿಟ್‌ಸ್ಟೆಡ್ ಒಬ್ಬರೇ ಬಹಳ ದೂರದಿಂದ ಹೋಗಿ ಗೆದ್ದರು, ಮದುವೆಯ ನಂತರ ಅವರ ಹೆಸರು ಡೈನನ್. ಎರಡನೆಯವರು ವೋಸ್. ಹಾಗಾಗಿ ಇವರನ್ನು ಯಾರ ಹೆಸರಿಗೂ ಜೋಡಿಸದೆ ಮರಿಯಾನ್ ವೋಸ್ ಅಂತಲೇ ಬರೆಯಿರಿ.

ಇನ್ನು ನನ್ನ ಕೋರಿಕೆ. ನೀವು ಗಂಡಸರ ಟೂರ್‌ಗೆ ದಿನವೂ ಜಾಗ ಕೊಡುತ್ತೀರಿ, ಒಳ್ಳೆಯದು. ಮಹಿಳೆಯರ ಟೂರ್ ಅದರ ಹಿಂದೆಯೇ ಬರುತ್ತದೆ, 2025ರಲ್ಲಿ 9 ದಿನ ನಡೆಯಿತು. ಆ ದಿನಗಳಲ್ಲಿ ಪ್ರತಿ ಸ್ಟೇಜ್‌ನ ಫಲಿತಾಂಶ ಹಾಕಿ. ಎಲ್ಲಿಂದ ಎಲ್ಲಿಗೆ, ಎಷ್ಟು ದೂರ, ಮೊದಲ ಮೂವರ ಹೆಸರು, ಹಳದಿ ಜೆರ್ಸಿ ಯಾರ ಬಳಿ ಇದೆ. ಜೊತೆಗೆ ಹೇಗೆ ಗೆದ್ದರು ಅಂತ ಎರಡು ವಾಕ್ಯ. ಬೆಟ್ಟದಲ್ಲಿ ಬಿಟ್ಟು ಹೋದರೋ, ಸ್ಪ್ರಿಂಟ್‌ನಲ್ಲಿ ಗೆದ್ದರೋ, ಅಷ್ಟು ತಿಳಿದರೆ ಸಾಕು. ಓದುವ ಹುಡುಗಿಯರಿಗೆ ಈ ಆಟದ ತಲೆಬುಡ ಗೊತ್ತಾಗುವುದು ಆ ಎರಡು ವಾಕ್ಯದಿಂದಲೇ.

ವೋಸ್ ಬಗ್ಗೆ ಒಂದು ಪೂರ್ತಿ ಲೇಖನವನ್ನೂ ಹಾಕಿ. ಅವರು ನಿವೃತ್ತಿಯಾದ ದಿನ ಎಲ್ಲರೂ ಬರೆಯುತ್ತಾರೆ. ಅವರು ಇನ್ನೂ ರೇಸ್‌ನಲ್ಲಿರುವಾಗಲೇ ಬರೆಯಿರಿ, ಓದಿದವರು ಎದ್ದುಹೋಗಿ ಅವರ ಮುಂದಿನ ರೇಸ್ ನೋಡಬಹುದು. ನಿಮ್ಮ ವರದಿಗಾರರಿಗೆ ಹಳೆಯ ಫಲಿತಾಂಶಗಳು ಬೇಕಾದರೆ ನನ್ನ ಲೆಕ್ಕದ ಪುಸ್ತಕವನ್ನು ಖುಷಿಯಿಂದ ಕಳಿಸಿಕೊಡುತ್ತೇನೆ. ವಾಪಸ್ ಮಾತ್ರ ಬೇಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು